ಹದಿನಾಲ್ಕಿನ ರಿಮ್‌ಗೆ ಹದಿನಾಲ್ಕಿನ ಟಯರ್ ಎಂದರೆ ಸಾಕೇ?

ಮಳೆಗಾಲಕ್ಕೆ ಹದಿನೈದು ದಿನ ಇರುವಾಗ ಉಡುಪಿ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಯನ್ನು ಮಂಗಳೂರು ಕಂಕನಾಡಿಯ ನಮ್ಮ ಗ್ಯಾರೇಜಿಗೆ ತಂದರು. ಬೊಂಬಾಯಿಯಲ್ಲಿದ್ದ ಅಣ್ಣ ಊರಿಗೆ ಮರಳುವಾಗ ತಂದ ಕಾರು ಅದು. ಹೊಸ ಟಯರ್ ಹಾಕಿಸಿದ ಮೇಲೆ ಸ್ಟೀರಿಂಗ್ ಕಲ್ಲಾಗಿದೆ, ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದೆ ಎಂದರು. ನೋಡಿದರೆ 185/65 ಆರ್ 14. ಆರ್ ಎಂದರೆ ರೇಡಿಯಲ್, ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಹೋಗುವ ಈಗಿನ ಬಗೆ.

“ರಿಮ್ ಹದಿನಾಲ್ಕು, ಟಯರೂ ಹದಿನಾಲ್ಕು. ಕೂತಿದೆಯಲ್ಲ ಮಾರಾಯ್ರೆ?”

ಕೂತದ್ದು ನಿಜ. ಆದರೆ ಆ 14 ಹೇಳುವುದು ಒಳಬಾಯಿಯ ಅಳತೆಯನ್ನು ಮಾತ್ರ, ಇಂಚಿನಲ್ಲಿ. ಪದ್ಮಿನಿಗೆ ಕಂಪನಿ ಕೊಟ್ಟ ಸೈಜು 5.20-14, ನೈಲಾನ್ ಟಯರು, ಅಂದರೆ ನೂಲು ಓರೆಯಾಗಿ ಹೆಣೆದ ಹಳೇ ಬಗೆ. 5.20 ಎಂದರೆ ಅಗಲ 5.20 ಇಂಚು, ಅಂದಾಜು 132 ಮಿ.ಮೀ. ಇದರಲ್ಲಿ ಟಯರಿನ ಬದಿಯ ಎತ್ತರದ ಅಂಕಿಯೇ ಇಲ್ಲ! ಆ ಕಾಲದ ಟಯರ್‌ಗಳ ಎತ್ತರ ಅಗಲದ ಹೆಚ್ಚುಕಡಿಮೆ ಶೇ. 95 ಇರುತ್ತಿತ್ತು. ಹಾಗೆ ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ 606 ಮಿ.ಮೀ. ಆಸುಪಾಸು.

185/65 ಲೆಕ್ಕ ಹಾಕಿ: ಅಗಲ 185 ಮಿ.ಮೀ., ಎತ್ತರ ಅದರ ಶೇ. 65 ಅಂದರೆ 120, ಅದರ ಎರಡು ಪಟ್ಟಿಗೆ ರಿಮ್ಮಿನ 356 ಸೇರಿಸಿದರೆ 596. ವ್ಯಾಸ ಹತ್ತಿರವೇ ಇದೆ. ಅಂಗಡಿಯವರು ಅಷ್ಟನ್ನೇ ನೋಡಿರಬೇಕು. ಕೈಕೊಟ್ಟದ್ದು ಅಗಲ. ಐವತ್ತು ಮಿಲಿಮೀಟರಿಗಿಂತ ಹೆಚ್ಚು ಅಗಲವಾದ ಟಯರನ್ನು ಪವರ್ ಸ್ಟೀರಿಂಗ್ ಇಲ್ಲದ ಕಾರು ನಿಂತಲ್ಲೇ ತಿರುಗಿಸಬೇಕು. 185/65ಕ್ಕೆ ರಿಮ್ಮಿನ ಅಗಲ ಕನಿಷ್ಠ ಐದು ಇಂಚು ಬೇಕು. ಪದ್ಮಿನಿಯ ಕಾಲದ ಸಣ್ಣ ಕಾರುಗಳ ರಿಮ್ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ. ಕಿರಿದಾದ ರಿಮ್ಮಿನಲ್ಲಿ ಟಯರ್ ಹೊಟ್ಟೆ ಉಬ್ಬಿಸಿ ಕೂರುತ್ತದೆ, ನಡುವೆ ಮಾತ್ರ ಸವೆಯುತ್ತದೆ, ಆಗುಂಬೆಯ ತಿರುವುಗಳಲ್ಲಿ ಕಾರು ಅತ್ತಿತ್ತ ಓಲಾಡುತ್ತದೆ. ನಮ್ಮ ಜಡಿಮಳೆಗೂ ಕಿರಿದಾದ ಟಯರೇ ವಾಸಿ. ರಸ್ತೆಯ ಮೇಲಿನ ನೀರನ್ನು ಸೀಳಿಕೊಂಡು ಹೋಗುತ್ತದೆ.

ನಾನು ಹೇಳಿದ್ದು 155/80 ಆರ್ 14. ವ್ಯಾಸ 604, ಮೂಲಕ್ಕೆ ಎರಡೇ ಮಿಲಿಮೀಟರ್ ಕಡಿಮೆ. ಹಳೇ ಸ್ವಿಫ್ಟ್‌ಗಳಿಂದಾಗಿ 165/80 ಆರ್ 14 ಬೇಗ ಸಿಗುತ್ತದೆ. ಅದರ ವ್ಯಾಸ 620. ಮೀಟರ್ 60 ತೋರಿಸುವಾಗ ಕಾರು ಅರವತ್ತೊಂದೂವರೆಯ ಹತ್ತಿರ ಓಡುತ್ತಿರುತ್ತದೆ, ಅದೇನೂ ದೊಡ್ಡದಲ್ಲ. ಆದರೆ ರಿಮ್ಮಿನ ಒಳಅಗಲ ಅಳೆದು ಟಯರ್ ಕಂಪನಿಯ ಪಟ್ಟಿಯಲ್ಲಿ ನೋಡದೆ ಹಾಕಬೇಡಿ. ಟಯರ್ ಎಷ್ಟು ಭಾರ ಹೊರುತ್ತದೆಂದು ಹೇಳುವ ಅಂಕಿ, ಲೋಡ್ ಇಂಡೆಕ್ಸನ್ನೂ ನೋಡಿ.

ಮಾಸ್ಟ್ರ ಟಯರ್ ಬಿಚ್ಚಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಒಳಗೆ ಟ್ಯೂಬೇ ಇಲ್ಲ! ಈಗಿನ ರಿಮ್‌ಗಳಲ್ಲಿ ಟಯರಿನ ಅಂಚು ಜಾರದಂತೆ ತಡೆಯುವ ಒಂದು ಉಬ್ಬು ಇರುತ್ತದೆ, ಹಳೇ ರಿಮ್‌ಗಳಲ್ಲಿ ಅದಿಲ್ಲ. ಗಾಳಿ ಇಳಿದಿರುವಾಗ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಜೊತೆಗೆ ಕಡಲ ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದು ಹಕ್ಕಳೆ ಏಳುತ್ತಿತ್ತು. ಗಾಳಿ ನಿಲ್ಲುವುದಾದರೂ ಹೇಗೆ? ರಿಮ್ ಉಜ್ಜಿಸಿ, ಬಿರುಕು ಇದೆಯೇ ನೋಡಿ, ಬಣ್ಣ ಹೊಡೆಸಿ, ರೇಡಿಯಲ್‌ಗೆಂದೇ ಬರುವ ಟ್ಯೂಬ್ ಹಾಕಿದೆವು.

ಅವರ ಸ್ಟೆಪ್ನಿ ಇನ್ನೂ ಹಳೇ ನೈಲಾನ್ ಟಯರೇ. ಮೇಲಿನ ಹಲ್ಲು ಸವೆದಿಲ್ಲ, ಇರಲಿ ಎಂದರು. ಬದಿಯ ತಾರೀಕಿನ ಗುರುತು ನೋಡಿದೆ: ಮೂರೇ ಅಂಕಿ. ನಾಲ್ಕಂಕಿ ಇದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ. ಮೂರಂಕಿ ಎಂದರೆ 2000ಕ್ಕಿಂತ ಹಿಂದಿನದು. ರಬ್ಬರ್ ಗಟ್ಟಿಯಾಗಿ ಬದಿಯಲ್ಲೆಲ್ಲ ಸಣ್ಣ ಸೀಳು. ಅದು ಹೊಸದಾಗಿದ್ದರೂ ಬೇಡವೆನ್ನುತ್ತಿದ್ದೆ. ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.

ಐದನೆಯದಾದ ಸ್ಟೆಪ್ನಿಗೂ ಅದೇ 155/80 ಆರ್ 14 ಹೇಳಿಟ್ಟೆವು. ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ಮಾಸ್ಟ್ರು ಬಸ್ಸಿನಲ್ಲೇ ಓಡಾಡಿದರು.