ಓದುಗರ ಪ್ರಶ್ನೆ: ಕಡಿಮೆ ಬೆಲೆಯ ಚಿಕ್ಕ ಪಿಸ್ತೂಲು ಆಪತ್ತಿನ ಹೊತ್ತಿಗೆ ಕೈಕೊಡುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿ ಹಲವು ವರ್ಷಗಳಾಗಿವೆ, ಗ್ರೀನ್ ಕಾರ್ಡ್ ಇದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಮರಳಬೇಕಾಗುತ್ತದೆ. ತರಬೇತಿ ಪಡೆದಿದ್ದೇನೆ, ಪರವಾನಗಿಯೂ ಸಿಕ್ಕಿದೆ. ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳುವಂಥ ಚಿಕ್ಕ ಪಿಸ್ತೂಲುಗಳು 250 ಡಾಲರಿಗೂ ಸಿಗುತ್ತವೆ, 500 ಡಾಲರಿಗೂ ಸಿಗುತ್ತವೆ. ಅಗ್ಗದ್ದನ್ನು ಕೊಂಡರೆ ಬೇಕಾದಾಗ ಕೆಲಸ ಮಾಡುತ್ತದೆಂದು ನಂಬಬಹುದೇ?

ಉತ್ತರ: ಹೆಸರುವಾಸಿ ಕಂಪನಿಗಳು ಇಂದು ತಯಾರಿಸುತ್ತಿರುವ ಅಗ್ಗದ ಪಿಸ್ತೂಲುಗಳಲ್ಲಿ ಹೆಚ್ಚಿನವು ನಂಬಿಕೆಗೆ ಅರ್ಹವಾಗಬಲ್ಲವು, ಆದರೆ ಡಬ್ಬಿಯಿಂದ ಹೊರತೆಗೆದ ದಿನವೇ ಅಲ್ಲ. ನಂಬಬೇಕಾದದ್ದು ಒಂದು ಮಾದರಿಯನ್ನಲ್ಲ, ನಿಮ್ಮ ಕೈಯಲ್ಲಿರುವ ಆ ಒಂದು ಪಿಸ್ತೂಲನ್ನು, ಅದರ ಜೊತೆ ಬಂದ ಮ್ಯಾಗಜೀನನ್ನು (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ), ನೀವು ಅದಕ್ಕೆ ತುಂಬುವ ತೋಟಾಗಳನ್ನು. ಈ ಮೂರೂ ಒಟ್ಟಿಗೆ ಸರಿಯಾಗಿ ನಡೆಯುತ್ತವೆಯೇ ಎಂಬುದನ್ನು ನೀವೇ ಪರೀಕ್ಷಿಸಿ ತಿಳಿಯಬೇಕು. ಆ ಪರೀಕ್ಷೆಗೆ ತಗಲುವ ಖರ್ಚನ್ನೂ ಸೇರಿಸಿಕೊಂಡ ಮೊತ್ತವೇ ಪಿಸ್ತೂಲಿನ ನಿಜವಾದ ಬೆಲೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಮೊದಲಿಗೆ ಗಾತ್ರದ ಮಾತು, ಏಕೆಂದರೆ ಬೆಲೆಗಿಂತ ಹೆಚ್ಚು ತೊಂದರೆ ಕೊಡುವುದು ಅದೇ. ತೋಟಾ ಸಿಡಿದೊಡನೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಚಿಮ್ಮುತ್ತದೆ, ಎಕ್ಸ್‌ಟ್ರ್ಯಾಕ್ಟರ್ ಎಂಬ ಚಿಕ್ಕ ಕೊಕ್ಕೆ ತೋಟಾದ ಖಾಲಿ ಕೋಶವನ್ನು ಚೇಂಬರಿನಿಂದ, ಅಂದರೆ ತೋಟಾ ಕೂರುವ ಗೂಡಿನಿಂದ, ಎಳೆದು ತರುತ್ತದೆ, ಕೋಶ ಪಕ್ಕದ ಕಿಂಡಿಯಿಂದ ಹೊರಹಾರುತ್ತದೆ, ಬಳಿಕ ಸ್ಪ್ರಿಂಗಿನ ಒತ್ತಡಕ್ಕೆ ಸ್ಲೈಡ್ ಮುಂದಕ್ಕೆ ಮರಳುತ್ತ ಮ್ಯಾಗಜೀನಿನ ಮೇಲ್ತುದಿಯಲ್ಲಿರುವ ಮುಂದಿನ ತೋಟಾವನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ ಸೇರಿಸುತ್ತದೆ. ಇಷ್ಟೂ ಕೆಲಸ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ. ದೊಡ್ಡ ಪಿಸ್ತೂಲಿನಲ್ಲಿ ಸ್ಲೈಡ್ ಭಾರವಾಗಿದ್ದು ಸಾಕಷ್ಟು ದೂರ ಸರಿಯುವುದರಿಂದ ತೋಟಾದ ಶಕ್ತಿಯಲ್ಲಿಯೋ ಹಿಡಿತದಲ್ಲಿಯೋ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ. ಚಿಕ್ಕದರಲ್ಲಿ ಹಾಗಲ್ಲ. ಅಲ್ಲಿ ಸ್ಲೈಡ್ ಹಗುರ, ಅದು ಸರಿಯುವ ದೂರವೂ ಕಡಿಮೆ; ಆದ್ದರಿಂದ ಅದು ಹೆಚ್ಚು ವೇಗವಾಗಿ ಚಲಿಸುತ್ತದೆ, ಆ ವೇಗವನ್ನು ತಡೆಯಲು ಗಡುಸಾದ ಸ್ಪ್ರಿಂಗ್ ಬೇಕಾಗುತ್ತದೆ, ಮ್ಯಾಗಜೀನಿನ ಸ್ಪ್ರಿಂಗ್ ಕೂಡ ಆ ಅತ್ಯಲ್ಪ ಅವಧಿಯೊಳಗೆ ಮುಂದಿನ ತೋಟಾವನ್ನು ಮೇಲೆತ್ತಿ ನಿಲ್ಲಿಸಬೇಕಾಗುತ್ತದೆ. ದುಬಾರಿ ಪಿಸ್ತೂಲಿಗೂ ಈ ಕಷ್ಟ ತಪ್ಪಿದ್ದಲ್ಲ.

ಹಿಡಿತದ ವಿಷಯವೂ ಇದರೊಳಗೇ ಬರುತ್ತದೆ. ಸ್ಲೈಡ್ ಪೂರ್ತಿಯಾಗಿ ಹಿಂದೆ ಸರಿಯಬೇಕಾದರೆ ಕೆಳಗಿನ ಚೌಕಟ್ಟು ಕದಲದೆ ನಿಲ್ಲಬೇಕು. ಮಣಿಕಟ್ಟು ಸಡಿಲವಾಗಿದ್ದರೆ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಹೋಗಿ ಸ್ಪ್ರಿಂಗ್ ಅರ್ಧದಷ್ಟೇ ಅದುಮಿಕೊಳ್ಳುತ್ತದೆ. ನನ್ನ ಬಳಿಯಿದ್ದ .380 ಎಂಬ ಅಳತೆಯ ತೋಟಾ ಬಳಸುವ ಒಂದು ಚಿಕ್ಕ ಪಿಸ್ತೂಲು ಎರಡು ಕೈಗಳಲ್ಲಿ ಬಿಗಿಯಾಗಿ ಹಿಡಿದಾಗ ಒಮ್ಮೆಯೂ ತಡವರಿಸಿರಲಿಲ್ಲ. ಎಡಗೈ ಒಂದರಲ್ಲೇ ಹಿಡಿದು ಹೊಡೆದ ದಿನ ಮೂರನೆಯ ತೋಟಾಕ್ಕೇ ನಿಂತುಹೋಯಿತು: ಹೊರಹಾರಬೇಕಿದ್ದ ಹಿತ್ತಾಳೆಯ ಕೋಶ ಕಿಂಡಿಯಲ್ಲಿ ಸಿಕ್ಕಿಕೊಂಡು, ಬಾಯಿ ಮೇಲಾಗಿ, ಪುಟ್ಟ ಹೊಗೆಗೊಳವೆಯಂತೆ ನೆಟ್ಟಗೆ ನಿಂತಿತ್ತು. ಗುರಿಕಾರರು ಇದನ್ನು ಸ್ಟೋವ್‌ಪೈಪ್ ಎನ್ನುತ್ತಾರೆ. ದೋಷ ಪಿಸ್ತೂಲಿನದೇ, ನನ್ನ ಹಿಡಿತದ್ದೇ ಎಂದು ಅಲ್ಲಿ ನಿಂತು ವಾದಿಸುವುದರಲ್ಲಿ ಅರ್ಥವಿಲ್ಲ; ಆಪತ್ತಿನಲ್ಲಿ ಒಂದು ಕೈಯಲ್ಲಿ ಮಗುವನ್ನೋ ಬಾಗಿಲನ್ನೋ ಹಿಡಿದಿರಬೇಕಾದೀತು, ಆಗಲೂ ಅದು ನಡೆಯಬೇಕು.

ಇನ್ನು ಅಗ್ಗ ಎಂಬುದರ ಬಗ್ಗೆ. ಈ ಮಾತಿಗೆ ಅಂಟಿಕೊಂಡಿರುವ ಕೆಟ್ಟ ಹೆಸರಿಗೆ ಒಂದು ಇತಿಹಾಸವಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆ ವಿದೇಶಗಳಿಂದ ಬರುತ್ತಿದ್ದ ಕೀಳು ಗುಣಮಟ್ಟದ ಚಿಕ್ಕ ಪಿಸ್ತೂಲುಗಳ ಆಮದಿಗೆ ತಡೆಯೊಡ್ಡಿತು, ಆದರೆ ಅಂಥವನ್ನೇ ದೇಶದೊಳಗೆ ತಯಾರಿಸುವುದಕ್ಕೆ ಅಡ್ಡಿ ಮಾಡಲಿಲ್ಲ. ಹೀಗೆ ತೆರವಾದ ಜಾಗಕ್ಕೆ ಲಾಸ್ ಏಂಜಲೀಸ್ ಸುತ್ತಮುತ್ತ ಹುಟ್ಟಿಕೊಂಡ ರೇವನ್, ಜೆನ್ನಿಂಗ್ಸ್, ಬ್ರೈಕೊ, ಲೋರ್ಸಿನ್, ಡೇವಿಸ್ ಮೊದಲಾದ ಕಂಪನಿಗಳು ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಪಿಸ್ತೂಲು ಮಾಡಿ ಮಾರಿದವು. ಬ್ರೈಕೊದ ಒಂದು ಪಿಸ್ತೂಲಿನ ವಿನ್ಯಾಸದಲ್ಲಿ ಚೇಂಬರಿನಲ್ಲಿರುವ ತೋಟಾವನ್ನು ತೆಗೆಯಬೇಕಾದರೆ ಸುರಕ್ಷಾ ಕೀಲನ್ನು ಮೊದಲು ಸಡಿಲಿಸಲೇಬೇಕಿತ್ತು. 1994ರಲ್ಲಿ ಕ್ಯಾಲಿಫೋರ್ನಿಯಾದ ಏಳು ವರ್ಷದ ಬಾಲಕನೊಬ್ಬ, ಬೇರೊಬ್ಬರು ಹಾಗೆ ತೋಟಾ ತೆಗೆಯಲು ಹೋದಾಗ ಹಾರಿದ ಗುಂಡಿಗೆ ಸಿಕ್ಕಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ; 2003ರಲ್ಲಿ ಜ್ಯೂರಿ ಕೋಟ್ಯಂತರ ಡಾಲರುಗಳ ಪರಿಹಾರ ವಿಧಿಸಿದ ಬಳಿಕ ಕಂಪನಿ ದಿವಾಳಿಯಾಯಿತು. ಆ ಕಾಲದ ಹಳೆಯ ಪಿಸ್ತೂಲುಗಳು ಇಂದಿಗೂ ನೂರು ಡಾಲರಿನ ಆಸುಪಾಸಿನಲ್ಲಿ ಕೈಬದಲಾಗುತ್ತಿರುತ್ತವೆ. ಅವುಗಳ ತಂಟೆಗೆ ಹೋಗಬೇಡಿ.

ಇಂದಿನ 200–300 ಡಾಲರಿನ ಪಿಸ್ತೂಲುಗಳ ಕಥೆಯೇ ಬೇರೆ. ಇವುಗಳ ಸ್ಲೈಡ್ ಮತ್ತು ನಳಿಕೆ ಉಕ್ಕಿನವು. ಚೌಕಟ್ಟು ಪಾಲಿಮರಿನದು, ಅದು ದುಬಾರಿ ಪಿಸ್ತೂಲಿನಲ್ಲಿಯೂ ಹಾಗೆಯೇ. ಉಳಿತಾಯ ಮಾಡಿರುವುದು ಬಹುಮಟ್ಟಿಗೆ ಬೇರೆ ಕಡೆ. ರೂಗರ್ ಕಂಪನಿಯ ಇಸಿ9ಎಸ್ ಅನ್ನು ನೋಡಿ: ಅದೇ ಕಂಪನಿಯ ಎಲ್‌ಸಿ9ಎಸ್ ಪಿಸ್ತೂಲಿನ ಯಂತ್ರವನ್ನೇ ಇಟ್ಟುಕೊಂಡು, ಗುರಿಗಣ್ಣನ್ನು ಬೇರೆಯಾಗಿ ಕೂಡಿಸುವ ಬದಲು ಸ್ಲೈಡಿನ ಲೋಹದಲ್ಲಿಯೇ ಕಡೆದು ಬೆಲೆ ಇಳಿಸಿದ್ದಾರೆ. ಕತ್ತಲಲ್ಲಿ ಹೊಳೆಯುವ ಗುರಿಗಣ್ಣು ಹಾಕಿಸಿಕೊಳ್ಳುವ ಅವಕಾಶ ಇದರಿಂದ ತಪ್ಪುತ್ತದೆ, ನಿಜ. ಆದರೆ ತೋಟಾ ಸಿಡಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಬ್ಬಿಯಲ್ಲಿ ಎರಡರ ಬದಲು ಒಂದೇ ಮ್ಯಾಗಜೀನ್, ಒರಟಾದ ಹೊರಮೈ, ಭಾರವಾದ ಟ್ರಿಗರ್ ಇವೆಲ್ಲ ಇದೇ ಬಗೆಯ ಉಳಿತಾಯಗಳು. ನನ್ನ ಆತಂಕವಿರುವುದು ಕಣ್ಣಿಗೆ ಕಾಣದ ಇನ್ನೊಂದು ಉಳಿತಾಯದ ಬಗ್ಗೆ, ಅಂದರೆ ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ತಪಾಸಣೆ ಮಾಡಲು ವ್ಯಯಿಸುವ ಸಮಯದ ಬಗ್ಗೆ. ವಿನ್ಯಾಸ ಉತ್ತಮವಾಗಿದ್ದರೂ ನೂರರಲ್ಲಿ ಕೆಲವು ದೋಷಯುಕ್ತವಾಗಿ ಹೊರಬಂದರೆ, ಆ ಕೆಲವನ್ನು ಹಿಡಿಯುವ ಹೊಣೆ ಕೊಂಡವರ ಮೇಲೆ ಬೀಳುತ್ತದೆ.

ವಿಶ್ವಾಸಾರ್ಹತೆಗೆ ಎರಡು ಮುಖಗಳಿವೆ ಎಂಬುದನ್ನೂ ಮರೆಯಬಾರದು: ಟ್ರಿಗರ್ ಎಳೆದಾಗ ಹಾರಲೇಬೇಕು, ಎಳೆಯದಿದ್ದಾಗ ಹಾರಲೇಬಾರದು. ಮೈಗೆ ತಾಗಿಸಿಕೊಂಡು ಓಡಾಡುವ ಪಿಸ್ತೂಲಿಗೆ ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ರೂಗರ್ 2008ರಲ್ಲಿ ಬಿಡುಗಡೆ ಮಾಡಿದ ಎಲ್‌ಸಿಪಿ ಎಂಬ ಮಾದರಿಯ ಆರಂಭದ ಪಿಸ್ತೂಲುಗಳನ್ನು, ಕೆಳಗೆ ಬಿದ್ದರೆ ಗುಂಡು ಹಾರಬಹುದೆಂಬ ಕಾರಣಕ್ಕೆ, ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡಿತು. ಬ್ರೆಜಿಲ್ ಮೂಲದ ಟಾರಸ್, ಇಂಥದೇ ಆರೋಪದ ಮೇಲೆ ಹೂಡಲಾದ ಸಾಮೂಹಿಕ ಮೊಕದ್ದಮೆಯಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆ 2015ರಲ್ಲಿ ರಾಜಿಗೆ ಮುಂದಾಯಿತು. ಅದರ ವ್ಯಾಪ್ತಿಗೆ ಬಂದ ಪಿಸ್ತೂಲುಗಳು ಸುಮಾರು ಒಂಬತ್ತೂವರೆ ಲಕ್ಷ. ಹಾಗೆಂದು ಇದು ಅಗ್ಗದವುಗಳ ಕಾಯಿಲೆಯೆಂದು ತಿಳಿಯಬೇಡಿ. ಇವೆರಡಕ್ಕಿಂತ ಸಾಕಷ್ಟು ದುಬಾರಿಯಾದ ಸಿಗ್ ಸಾವರ್ ಪಿ320ಕ್ಕೂ 2017ರಲ್ಲಿ, ಕೆಲವು ಕೋನಗಳಲ್ಲಿ ಬಿದ್ದಾಗ ಗುಂಡು ಹಾರುವುದು ಬೆಳಕಿಗೆ ಬಂದ ಮೇಲೆ, ಕಂಪನಿ ಬಿಡಿಭಾಗಗಳನ್ನು ಬದಲಿಸಿಕೊಡಬೇಕಾಯಿತು.

ಇವೆಲ್ಲ ಕಂಪನಿಗಳು ತಾವಾಗಿಯೋ ಮೊಕದ್ದಮೆಯ ಒತ್ತಡಕ್ಕೋ ಮಾಡಿದವು, ಸರ್ಕಾರದ ಆದೇಶದಿಂದಲ್ಲ. 1972ರ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆಯ ವ್ಯಾಪ್ತಿಯಿಂದ ಬಂದೂಕುಗಳನ್ನು ಹೊರಗಿಟ್ಟಿರುವುದರಿಂದ, ಆಟಿಕೆ ಪಿಸ್ತೂಲನ್ನು ಮಾರುಕಟ್ಟೆಯಿಂದ ತೆಗೆಸಬಲ್ಲ ಒಕ್ಕೂಟ ಸರ್ಕಾರದ ಆಯೋಗಕ್ಕೆ ನಿಜವಾದ ಪಿಸ್ತೂಲನ್ನು ತೆಗೆಸುವ ಅಧಿಕಾರವಿಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮದೇ ಪರೀಕ್ಷೆ ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಮಾದರಿಯ ಮೂರು ಪಿಸ್ತೂಲುಗಳಿಂದ ತಲಾ 600 ತೋಟಾ ಹೊಡೆಯುತ್ತಾರೆ. ಪ್ರತಿಯೊಂದೂ ಆರು ಬಾರಿಗಿಂತ ಹೆಚ್ಚು ಕೈಕೊಡುವಂತಿಲ್ಲ, ಭಾಗಗಳು ಬಿರುಕು ಬಿಡುವಂತಿಲ್ಲ. ಒಂದು ಮೀಟರಿಗಿಂತ ಕೊಂಚ ಎತ್ತರದಿಂದ ಕಾಂಕ್ರೀಟಿನ ಮೇಲೆ ಆರು ಬಗೆಯಾಗಿ ಬೀಳಿಸಿಯೂ ನೋಡುತ್ತಾರೆ. ಬೀಳಿಸುವ ಪರೀಕ್ಷೆಯನ್ನು ನೀವು ಮನೆಯಲ್ಲಿ ಮಾಡುವಂತಿಲ್ಲ, ಆದ್ದರಿಂದ ಕೊಳ್ಳುವ ಮುನ್ನ ಆ ಮಾದರಿಯನ್ನು ಎಂದಾದರೂ ಹಿಂದಕ್ಕೆ ಕರೆಸಿಕೊಂಡಿದ್ದಾರೆಯೇ, ನಿಮ್ಮದರ ಕ್ರಮಸಂಖ್ಯೆ ಆ ಪಟ್ಟಿಯಲ್ಲಿದೆಯೇ ಎಂದು ತಯಾರಕರ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಹಳೆಯದನ್ನು ಕೊಳ್ಳುವವರಂತೂ ಇದನ್ನು ತಪ್ಪಿಸಲೇಬಾರದು.

ಹಾರಬೇಕಾದಾಗ ಹಾರುತ್ತದೆಯೇ ಎಂಬ ಪರೀಕ್ಷೆಯನ್ನು ಮಾತ್ರ ನೀವೇ ಮಾಡಬಹುದು, ಮಾಡಬೇಕು. ಎಷ್ಟು ತೋಟಾ ಹೊಡೆದರೆ ಸಾಕು? ಹಲವರು ಐವತ್ತು ಹೊಡೆದು ತೃಪ್ತಿಪಡುತ್ತಾರೆ. ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಸುಲಭ ಸೂತ್ರ ನೆರವಿಗೆ ಬರುತ್ತದೆ: ಒಂದು ಕೆಲಸವನ್ನು ಹಲವು ಬಾರಿ ಮಾಡಿದಾಗ ಒಮ್ಮೆಯೂ ತಪ್ಪು ಕಾಣದಿದ್ದರೆ, 3 ಎಂಬ ಅಂಕಿಯನ್ನು ಆ ಬಾರಿಗಳ ಸಂಖ್ಯೆಯಿಂದ ಭಾಗಿಸಿ; ನಿಜವಾದ ತಪ್ಪಿನ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲವೆಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. 50 ತೋಟಾ ಅಡಚಣೆಯಿಲ್ಲದೆ ಹಾರಿದ್ದರೆ ತಪ್ಪಿನ ಪ್ರಮಾಣ ಶೇ. 6ರವರೆಗೂ ಇರುವ ಸಾಧ್ಯತೆ ಉಳಿದೇ ಇರುತ್ತದೆ. 200 ಹಾರಿದ್ದರೆ ಶೇ. 1.5, 500 ಹಾರಿದ್ದರೆ ಶೇ. 0.6. ಶೇ. 1.5 ಎಂದರೆ ಅತ್ಯಲ್ಪವೆನಿಸಬಹುದು, ಆದರೆ ಎಂಟು ತೋಟಾಗಳನ್ನು ಒಂದರ ಹಿಂದೊಂದರಂತೆ ಹೊಡೆಯುವಾಗ ಎಲ್ಲಾದರೂ ಒಮ್ಮೆ ಕೈಕೊಡುವ ಸಂಭವ ಶೇ. 11ನ್ನು ದಾಟುತ್ತದೆ, ಶೇ. 0.6 ಇದ್ದರೆ ಅದು ಶೇ. 5ರೊಳಗೆ ಇಳಿಯುತ್ತದೆ. ಐನೂರು ತೋಟಾ ಹೊಡೆಯಿರಿ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ. 200ಕ್ಕೆ ನಿಲ್ಲಿಸಿದವರನ್ನು ನಾನು ಆಕ್ಷೇಪಿಸಲಾರೆ, ಅದಕ್ಕಿಂತ ಕಡಿಮೆಯೆಂದರೆ ಪರೀಕ್ಷೆಯೇ ಆಗಲಿಲ್ಲ.

ಮೊದಲು ಕಾರ್ಖಾನೆಯ ಜಿಡ್ಡನ್ನು ಒರೆಸಿ, ಕೈಪಿಡಿ ಹೇಳಿದ ಜಾಗಗಳಿಗೆ ಎಣ್ಣೆ ಹಾಕಿ. ಮೊದಲ ಒಂದೆರಡು ನೂರು ತೋಟಾಗಳಲ್ಲಿ ಲೋಹದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕಾಹ್ರ್ ಕಂಪನಿ ತನ್ನ ಕೈಪಿಡಿಯಲ್ಲಿ ಇದಕ್ಕೆಂದೇ 200 ತೋಟಾ ಹೊಡೆಯಲು ಹೇಳುತ್ತದೆ. ಆ ಹಂತದ ತಪ್ಪುಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಎಣಿಕೆ ಶುರುವಾಗುವುದು ಕೊನೆಯ ತಪ್ಪಿನ ನಂತರ. ಮ್ಯಾಗಜೀನುಗಳ ತಳಕ್ಕೆ 1, 2 ಎಂದು ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ಪಿಸ್ತೂಲಿನದೆಂದು ಬೈದ ಎಷ್ಟೋ ದೋಷಗಳು ಮೇಲ್ತುದಿಯ ಅಂಚು ಬಾಗಿದ ಒಂದೇ ಮ್ಯಾಗಜೀನಿನವಾಗಿರುತ್ತವೆ, ಗುರುತಿಲ್ಲದಿದ್ದರೆ ಅದು ತಿಳಿಯುವುದೇ ಇಲ್ಲ. ಎರಡು ಕೈ, ಬಲಗೈ, ಎಡಗೈ ಮೂರೂ ಬಗೆಯಲ್ಲಿ ಹೊಡೆಯಿರಿ.

ಅಭ್ಯಾಸಕ್ಕೆ ಬಳಸುವ ತೋಟಾದ ಗುಂಡಿನ ಮೂತಿ ದುಂಡಗಿರುವುದರಿಂದ ಮ್ಯಾಗಜೀನಿಗೂ ಚೇಂಬರಿಗೂ ನಡುವಿನ ಇಳಿಜಾರಿನ ಮೇಲೆ ಸರಾಗವಾಗಿ ಜಾರಿ ಚೇಂಬರ್ ಸೇರುತ್ತದೆ. ರಕ್ಷಣೆಗಾಗಿ ಒಯ್ಯುವ ಹಾಲೋ ಪಾಯಿಂಟ್ ಗುಂಡಿನ ಮೂತಿ ಅಗಲವಾಗಿ ತೆರೆದಿರುತ್ತದೆ, ಚಿಕ್ಕ ಪಿಸ್ತೂಲಿನ ಕಡಿದಾದ ಇಳಿಜಾರಿಗೆ ಅದರ ಅಂಚು ತಗುಲಿ ನಿಲ್ಲುವುದುಂಟು. 9 ಎಂಎಂ ಅಳತೆಯ ತೋಟಾಗಳಲ್ಲಿ 115, 124, 147 ಗ್ರೇನ್ ತೂಕದ ಗುಂಡುಗಳಿವೆ, ಒಂದರ ಜೊತೆ ನಡೆದದ್ದು ಇನ್ನೊಂದರ ಜೊತೆ ನಡೆಯಬೇಕೆಂದೇನಿಲ್ಲ. ಆದ್ದರಿಂದ ಐನೂರರಲ್ಲಿ ಕನಿಷ್ಠ ನೂರಾದರೂ ನೀವು ಒಯ್ಯಲಿರುವ ತೋಟಾವೇ ಆಗಿರಲಿ. ಅಭ್ಯಾಸದ ತೋಟಾ ಒಂದಕ್ಕೆ 25–30 ಸೆಂಟ್, ಹಾಲೋ ಪಾಯಿಂಟ್ ಒಂದಕ್ಕೆ ಸುಮಾರು ಒಂದು ಡಾಲರ್ ಎಂದು ಹಿಡಿದರೆ ಪರೀಕ್ಷೆಗೆ 200–220 ಡಾಲರ್ ಬೇಕು. 250 ಡಾಲರಿನ ಪಿಸ್ತೂಲು ಹೀಗೆ 450 ದಾಟುತ್ತದೆ. 500 ಡಾಲರಿನದನ್ನು ಕೊಂಡು, ಹಣ ಮುಗಿಯಿತೆಂದು ಒಂದು ಡಬ್ಬಿ ತೋಟಾ ಹೊಡೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರಿಗಿಂತ, ಇಷ್ಟನ್ನೇ ಹೀಗೆ ಖರ್ಚು ಮಾಡಿದವರು ಹೆಚ್ಚು ಸುರಕ್ಷಿತರು.

ಪರೀಕ್ಷೆಯಲ್ಲಿ ಗೆದ್ದದ್ದೂ ಆರೈಕೆಯಿಲ್ಲದೆ ಕೆಡುತ್ತದೆ. ಜೇಬಿನಲ್ಲಿಯೋ ಸೊಂಟದಲ್ಲಿಯೋ ಇರುವ ಪಿಸ್ತೂಲಿನೊಳಗೆ ಬಟ್ಟೆಯ ನವಿರು ಎಣ್ಣೆಗೆ ಅಂಟಿ ಬೂದು ಬಣ್ಣದ ಪದರವಾಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಚಿಕ್ಕ ಪಿಸ್ತೂಲಿನ ಸ್ಪ್ರಿಂಗ್ ದೊಡ್ಡದರದ್ದಕ್ಕಿಂತ ಬೇಗ ಸೋಲುತ್ತದೆ, ಕೈಪಿಡಿ ಹೇಳಿದ ಅವಧಿಗೆ ಬದಲಿಸಿ. ದಿನವೂ ಅದೇ ತೋಟಾವನ್ನು ಚೇಂಬರಿಗೆ ಹಾಕಿ ತೆಗೆಯುತ್ತಿದ್ದರೆ ಗುಂಡು ಕೋಶದೊಳಗೆ ಸ್ವಲ್ಪಸ್ವಲ್ಪವೇ ಕುಸಿದು, ಸಿಡಿದಾಗ ಒತ್ತಡ ಅಪಾಯಕಾರಿಯಾಗಿ ಏರಬಹುದು. ಹೊಸ ತೋಟಾದ ಪಕ್ಕ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ಗಿಡ್ಡಾಗಿ ಕಂಡರೆ ಅದನ್ನು ಬಳಸಬೇಡಿ. ಟ್ರಿಗರನ್ನು ಪೂರ್ತಿ ಮುಚ್ಚುವ, ಗಡುಸಾದ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಇಲ್ಲದೆ ಯಾವ ಪಿಸ್ತೂಲನ್ನೂ ಒಯ್ಯಬಾರದು.

ಇದನ್ನು ಓದುವ ಇತರರಿಗೆ ಒಂದು ಮಾತು: ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ, ಆದರೆ ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯದೇ ಇರಬಹುದು.

ನಡುವೆ ಎಲ್ಲಾದರೂ ಪಿಸ್ತೂಲು ಕೈಕೊಟ್ಟರೆ ಮೊದಲು ಮ್ಯಾಗಜೀನ್ ಬದಲಿಸಿ, ಆಮೇಲೆ ತೋಟಾ ಬದಲಿಸಿ. ಆಗಲೂ ತೊಂದರೆ ಉಳಿದರೆ ತಯಾರಕರಿಗೆ ಕಳುಹಿಸಿ. ಹೆಸರುಳ್ಳ ಕಂಪನಿಗಳು ದುರಸ್ತಿ ಮಾಡಿಯೇ ಕೊಡುತ್ತವೆ. ಮರಳಿ ಬಂದ ದಿನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ, ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಆರಂಭಿಸಿ.