ಆಳು ಸಿಕ್ಕಲ್ಲ ಅಂತ ದೋಟಿ ತಗೊಳ್ಳೋ ಮೊದ್ಲು

ಸೀಸನ್ ಹತ್ರ ಬಂತು ಅಂದ್ರೆ ಶಿರಸಿ, ಸಿದ್ದಾಪುರ ಕಡೆಯಿಂದ ನಂಗೆ ಬರೋ ಫೋನೆಲ್ಲ ಒಂದೇ ಥರ: "ಕೊನೆಗೌಡ ಸಿಕ್ತಾ ಇಲ್ಲ ಮಾರಾಯ್ರೆ, ಕಾರ್ಬನ್ ಫೈಬರ್ ದೋಟಿ ತಗೊಂಬಿಡ್ಲಾ?" ಕೊನೆಗೌಡ ಅಂದ್ರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯೋನು, ದೋಟಿ ಅಂದ್ರೆ ನೆಲದಲ್ಲೇ ನಿಂತು ಕೊನೆ ಕೊಯ್ಯೋ ಉದ್ದ ಕೋಲು. ಕೃಷಿ ಯಂತ್ರಗಳ ಕೆಲ್ಸದಲ್ಲೇ ಇರೋನು ನಾನು, ತಗೋಬೇಡಿ ಅಂತ ಹೇಳಲ್ಲ. ಆದ್ರೆ ಕೊನೆ ಕೆಳಗೆ ಬಂದ್ಮೇಲೆ ಸುಲಿಯೋರು ಯಾರು ಅಂತ ಮೊದ್ಲು ಕೇಳ್ತೀನಿ.

ಮರ ಹತ್ತೋದು ಕಣ್ಣಿಗೆ ಕಾಣೋ ಕೆಲ್ಸ, ಅದಕ್ಕೇ ಎಲ್ರೂ ಅದ್ನೇ ಹೇಳೋದು. ದೋಟಿ ಬಂದ್ರೂ ಕೆಳಗೆ ನೆಟ್ ಹಿಡಿಯೋಕೆ, ಉದುರಿದ್ದು ಹೆಕ್ಕೋಕೆ, ಹೊರೋಕೆ ಜನ ಬೇಕೇ ಬೇಕು. ಅದ್ರಲ್ಲೂ ಕೆಂಪಡಿಕೆ ಮಾಡೋರಾದ್ರೆ ಹಸಿ ಇರೋವಾಗ್ಲೇ ಸುಲಿದು ಬೇಯಿಸ್ಬೇಕು, ಕಾಯೋ ಹಾಗಿಲ್ಲ. ಚಾಲಿ ಆದ್ರೆ ಹಣ್ಣಡಿಕೆನ ಅಂಗಳದಲ್ಲಿ 40-45 ದಿನ ಒಣಗ್ಸಿ ಪುರ್ಸೊತ್ತಾದಾಗ ಸುಲಿಬಹುದು. ಹಾಗಾಗಿ ಜನ ಸಿಗದ ಮನೆಗಳಲ್ಲಿ ಎಷ್ಟೋ ಕಡೆ ಮೆಷಿನ್ ಬರೋಕ್ಕೆ ಮುಂಚೆನೇ ಕೆಂಪು ಹೋಗಿ ಚಾಲಿ ಬಂತು, ಇಲ್ಲಾ ಹಸಿ ಅಡಿಕೆನೇ ಮಾರಿ ಕೈ ತೊಳ್ಕೊಂಡ್ರು.

ಅಮೆರಿಕದಲ್ಲೂ ಆಗಿದ್ದು ಇದೇ. 1942ರಿಂದ 1964ರ ತನಕ ಮೆಕ್ಸಿಕೋದಿಂದ ಸೀಸನ್ ಕೂಲಿಗಳನ್ನ ಕರೆಸೋ ಬ್ರಸೇರೋ ಅನ್ನೋ ವ್ಯವಸ್ಥೆ ಇತ್ತು, ಹೊರಗಿನೋರು ಬರೋದು ನಿಂತ್ರೆ ನಮ್ಮೋರ ಕೂಲಿ ಏರತ್ತೆ ಅಂತ ನಿಲ್ಲಿಸಿದ್ರು, ಆಮೇಲೆ ಅರ್ಥಶಾಸ್ತ್ರದವ್ರು ಲೆಕ್ಕ ಹಾಕಿ ನೋಡಿದ್ರೆ ಹೇಳ್ಕೊಳ್ಳೋ ಹಾಗೆ ಏನೂ ಏರಿರ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೊಮೆಟೊ ಕೊಯ್ಯೋ ಮೆಷಿನ್ ರೆಡಿ ಇತ್ತು, ಅದಕ್ಕೆ ತಕ್ಕ ಗಟ್ಟಿ ಹಣ್ಣಿನ, ಒಟ್ಟಿಗೇ ಮಾಗೋ ತಳಿನೂ ಇತ್ತು, ಕೆಲವೇ ವರ್ಷದಲ್ಲಿ ಸಾಸ್ ಟೊಮೆಟೊನ ಕೈಯಲ್ಲಿ ಕೊಯ್ಯೋದೇ ಹೋಯ್ತು. ಮೆಷಿನ್ ಇಲ್ದಿರೋ ಬೆಳೆಯೋರು ಕೆಲವರು ಬೆಳೆನೇ ಕಮ್ಮಿ ಮಾಡಿದ್ರು.

ನಮಗೆ ಆ ಅನುಕೂಲ ಇಲ್ಲ, ಅಜ್ಜ ನೆಟ್ಟ ಮರ 50-60 ಅಡಿ ನಿಂತಿರತ್ತೆ, ಮೆಷಿನ್ನಿಗೋಸ್ಕರ ಗಿಡ್ಡ ಆಗು ಅಂದ್ರೆ ಆಗತ್ತಾ! ಹಾಗಾಗಿ ಕೊನೆ ಕೊಯ್ಯೋನ ಕೂಲಿ ಏರ್ತಾನೇ ಇದೆ, ಆದ್ರೆ ಸುಲಿಯೋ ಮೆಷಿನ್ ಬಂದ ಕಡೆ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿದ್ದ ಹೆಂಗಸ್ರ ಕಾಸು ಹೋಯ್ತು. ಇದನ್ನ ಯಾರೂ ಮಾತಾಡಲ್ಲ.

ಇನ್ನು ಆಳು ಹಾನಗಲ್ಲಿಂದ ಬರ್ಲಿ, ಜಾರ್ಖಂಡಿಂದ ಬರ್ಲಿ, ಇಲ್ಲಿ ಕೆಲ್ಸ ಮಾಡೋಕೆ ಯಾರಿಗೂ ವೀಸಾ ಬೇಡ, ಸಂವಿಧಾನದ 19ನೇ ವಿಧಿನೇ ಕೊಟ್ಟ ಹಕ್ಕು. ನಮ್ಮನೆ ಹುಡುಗ್ರು ಬೆಂಗಳೂರಿಗೆ ಹೋಗಿದ್ದೂ ಅದೇ ಹಕ್ಕಲ್ಲಿ, ಹೊರಗಿನೋರು ಜಾಸ್ತಿ ಆದ್ರು ಅಂತ ಗೊಣಗೋರು ಇದನ್ನೂ ನೆನಪಿಟ್ಕೊಳ್ಳಿ.

ದೋಟಿ ಒಬ್ರೇ ತಗೊಳ್ಳೋದಕ್ಕಿಂತ ಕೇರಿಯಲ್ಲಿ ನಾಲ್ಕು ಮನೆ ಸೇರಿ, ಕಲಿತ ಒಬ್ಬ ಹುಡುಗನ ಕೈಗೆ ಕೊಡಿ. ದಿನವಿಡೀ ಕತ್ತು ಎತ್ತಿ ನಿಲ್ಲೋದು ಹೊಸಬ್ರಿಗೆ ಆಗಲ್ಲ. ಇನ್ನೊಂದು, ಫೈಬರ್ ಅಂದ್ರೆ ಕರೆಂಟ್ ಹೊಡಿಯಲ್ಲ ಅಂತ ತುಂಬಾ ಜನ ನಂಬಿದಾರೆ, ಕಾರ್ಬನ್ ಫೈಬರಲ್ಲಿ ಕರೆಂಟ್ ಹರಿಯತ್ತೆ, ತಂತಿ ಹಾದಿರೋ ಜಾಗದಲ್ಲಿ ಲೈನ್ ಆಫ್ ಮಾಡಿಸ್ದೆ ದೋಟಿ ಎತ್ಲೇಬೇಡಿ. ಯಾವ ಊರಿನ ಆಳೇ ಇರ್ಲಿ, 18ರಿಂದ 70 ವರ್ಷದೊಳಗೆ ಇದ್ದು ಬ್ಯಾಂಕ್ ಖಾತೆ ಇದ್ರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸ್ಬಹುದು, ಅಪಘಾತದಲ್ಲಿ ಜೀವ ಹೋದ್ರೆ ಮನೆಯೋರಿಗೆ 2 ಲಕ್ಷ ಬರತ್ತೆ. ಆ 20 ರೂಪಾಯಿ ತೋಟದ ಯಜಮಾನ್ರೇ ಕೊಡಿ.