ಕದಲದ ಕೈಗೊಂದು ಪೆನ್ಸಿಲ್

1982ರ ಜುಲೈ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಆಸ್ಪತ್ರೆಗೆ 42 ವರ್ಷದ ಒಬ್ಬನನ್ನು ಕರೆತಂದರು. ಕೈಕಾಲು ಕದಲುತ್ತಿಲ್ಲ, ಬಾಯಲ್ಲಿ ಮಾತಿಲ್ಲ. ಮನೋರೋಗವಿರಬೇಕು ಎಂದುಕೊಂಡರು ಮೊದಲು ನೋಡಿದ ವೈದ್ಯರು. ಬೆರಳ ಸಂದಿಗೆ ಪೆನ್ಸಿಲ್ ಸಿಕ್ಕಿಸಿದಾಗ ಆತ ನಿಧಾನವಾಗಿ ಅಕ್ಷರ ಕೂಡಿಸಿ ಬರೆಯತೊಡಗಿದ. ಬುದ್ಧಿ ನೆಟ್ಟಗಿತ್ತು, ದೇಹ ಹೇಳಿದ್ದು ಕೇಳುತ್ತಿರಲಿಲ್ಲ.

ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅವರಿಗೆ ಕಂಡದ್ದು ಪಾರ್ಕಿನ್ಸನ್ ಲಕ್ಷಣ. ವರ್ಷಗಟ್ಟಲೆ ಬಲಿಯುವ ಕಾಯಿಲೆ ಕೆಲವೇ ದಿನಗಳಲ್ಲಿ ಬರುವುದೆಂದರೇನು? ಹುಡುಕಿದರೆ ಅಂಥವರೇ ಇನ್ನೂ ಕೆಲವರು ಸಿಕ್ಕಿದರು. ಎಲ್ಲರೂ ಬೀದಿಯಲ್ಲಿ ಕೊಂಡ ಹೊಸ ‘ಹೆರಾಯಿನ್’ ಚುಚ್ಚಿಕೊಂಡವರು.

ಅದು ಹೆರಾಯಿನ್ ಆಗಿರಲಿಲ್ಲ. ನೋವು ನಿವಾರಕ ಹುಡುಕುತ್ತಿದ್ದ ರಸಾಯನ ವಿಜ್ಞಾನಿಗಳು ಪೆಥಿಡಿನ್ ಎಂಬ ನೋವು ನಿವಾರಕದ ಅಣುವನ್ನು ತುಸು ಮಾರ್ಪಡಿಸಿ, 1947ರ ಪ್ರಬಂಧದಲ್ಲಿ ಎಂಪಿಪಿಪಿ ಎಂಬ ವಸ್ತುವನ್ನು ವಿವರಿಸಿದ್ದರು. ಅದು ಔಷಧದ ಅಂಗಡಿಗೆ ಬರಲೇ ಇಲ್ಲ. ನಿಷೇಧದ ಪಟ್ಟಿಗೂ ಸೇರಿರಲಿಲ್ಲ. ಕಾನೂನು ಅಣುವಿನ ಹೆಸರು ಹಿಡಿದು ನಿಷೇಧಿಸಿದರೆ, ಒಂದು ಕೊಂಡಿ ಬದಲಾಯಿಸಿದವನು ಅದರ ಕಣ್ಣು ತಪ್ಪಿಸುತ್ತಾನೆ. ಡಿಸೈನರ್ ಡ್ರಗ್‌ಗಳು ಹುಟ್ಟಿದ್ದೇ ಈ ಸಂದಿಯಲ್ಲಿ. ಹೆರಾಯಿನ್ ಹೆಸರಲ್ಲಿ ಬೀದಿಗೆ ಬಂದದ್ದು ಈ ಎಂಪಿಪಿಪಿ. ಆದರೆ ಈ ಬಾರಿ ತಯಾರಿಕೆಯಲ್ಲಿ ಎಡವಟ್ಟಾಗಿ ಎಂಪಿಟಿಪಿ ಎಂಬ ಕಲ್ಮಶ ಸೇರಿತ್ತು.

ಎಂಪಿಟಿಪಿ ಮೆದುಳಿಗೆ ಸಲೀಸಾಗಿ ನುಸುಳುತ್ತದೆ. ಅಲ್ಲಿನ ಕಿಣ್ವವೊಂದು ಅದನ್ನು ವಿಷವಾಗಿ ಬದಲಿಸುತ್ತದೆ. ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಆ ವಿಷವನ್ನು ಡೋಪಮಿನ್ ಎಂದೇ ಬಗೆದು ಒಳಗೆಳೆದುಕೊಂಡು ಸಾಯುತ್ತವೆ. ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಔಷಧ (ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇರುವುದು ಇದೇ) ಕೊಟ್ಟಾಗ ರೋಗಿಗಳ ಕೈಕಾಲು ಆಡಿದವು. ಸತ್ತ ಕೋಶಗಳು ಮರಳಲಿಲ್ಲ.

ಮುಂದೆ ಇದೇ ಕಲ್ಮಶವನ್ನು ಕೋತಿಗಳಿಗೆ ಕೊಟ್ಟು ಪಾರ್ಕಿನ್ಸನ್ ಅಧ್ಯಯನ ನಡೆಯಿತು. ಮೆದುಳಿನೊಳಗೆ ವಿದ್ಯುತ್ ತಂತಿ ಇಳಿಸಿ ರೋಗವನ್ನು ಹತೋಟಿಗೆ ತರುವ ಇಂದಿನ ಚಿಕಿತ್ಸೆಗೂ ಅದರಿಂದ ಬಲ ಬಂತು. ಹಾಗೆಂದು ಆ ಕೆಲವರ ಬದುಕನ್ನು ವಿಜ್ಞಾನ ತೆತ್ತ ಬೆಲೆ ಎನ್ನಲು ನನಗೆ ಮನಸ್ಸು ಬಾರದು. ಅವರನ್ನು ಯಾರೂ ಕೇಳಿರಲಿಲ್ಲ.

ಇಂಥ ಅಣುಗಳ ಬಗ್ಗೆ ಪ್ರಬಂಧ ಬರೆಯುವ ವಿಜ್ಞಾನಿಗಳಿಗೂ ನೋವು ತಪ್ಪಿದ್ದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಡೇವಿಡ್ ನಿಕೋಲ್ಸ್ 1990ರ ದಶಕದಲ್ಲಿ ಎಂಟಿಎ ಎಂಬ ಅಣುವನ್ನು ಪರೀಕ್ಷಿಸಿದರು. ಎಕ್ಸ್‌ಟಸಿ ಎಂಬ ಮಾದಕ ವಸ್ತುವನ್ನು ಗುರುತಿಸಲು ಪಳಗಿದ್ದ ಇಲಿಗಳು ಇದನ್ನೂ ಎಕ್ಸ್‌ಟಸಿ ಎಂದೇ ಗುರುತಿಸಿದವು. ಅವರಿಗೆ ಗೊತ್ತಿಲ್ಲದಂತೆ ಯಾರೋ ಅದನ್ನು ಮಾತ್ರೆ ಮಾಡಿ ಮಾರಿದರು. 2002ರ ಹೊತ್ತಿಗೆ ಆರು ಸಾವುಗಳಲ್ಲಿ ಎಂಟಿಎ ಹೆಸರು ಕೇಳಿಬಂತು. 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಿಕೋಲ್ಸ್ ತಮ್ಮ ಸಂಕಟ ತೋಡಿಕೊಂಡರು. ಎಂಟಿಎ ನುಂಗಿದರೆ ಮನುಷ್ಯನಿಗೆ ಏನಾಗುತ್ತದೆ ಎಂದು ಅವರು ಪರೀಕ್ಷಿಸಿರಲೇ ಇಲ್ಲ. ಅವರು ಬರೆದದ್ದು ಇಲಿಗಳ ಬಗ್ಗೆ.